ಸಿಟ್ಟು ಯಾರದ್ದು? ಜುವೆನಾಲ್ ಕಂಡ ರೋಮ್

ಇವತ್ತು ಸುಮಾರು 1,900 ವರ್ಷ ಹಿಂದಿನ ರೋಮ್‌ಗೆ ಹೋಗೋಣ. ಕವಿ ಜುವೆನಾಲ್. ಅವನ 16 ವಿಡಂಬನ ಕವಿತೆಗಳು ನಮಗೆ ಉಳಿದಿವೆ. ಅದರಲ್ಲಿ 3ನೆಯದು ಇವತ್ತಿನ ವಿಷಯ.

ಉಂಬ್ರಿಕಿಯಸ್ ಅನ್ನೋನು ರೋಮ್ ಬಿಟ್ಟು ಕೂಮೆ ಎಂಬ ಊರಿಗೆ ಹೊರಟಿದ್ದಾನೆ. ಮನೆ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಹಿಡಿಸಿದೆ. ಹೊರಡೋ ಮುಂಚೆ ಗೆಳೆಯನ ಹತ್ರ ಸಂಕಟ ತೋಡಿಕೊಳ್ತಾನೆ. ಊರುಗೋಲು ಕೊಟ್ಟು ನಿಲ್ಲಿಸಿದ ಮನೆಗಳು, ರಾತ್ರಿಯಿಡೀ ನಿದ್ದೆ ಕೆಡಿಸೋ ಗಾಡಿಗಳು, ಕಿಟಕಿಯಿಂದ ತಲೆ ಮೇಲೆ ಬೀಳೋ ಮಡಕೆಗಳು. ಬಡವನ ಮನೆ ಸುಟ್ಟರೆ ಒಂದು ತುತ್ತು ಕೊಡೋರಿಲ್ಲ. ಶ್ರೀಮಂತನ ಮನೆ ಸುಟ್ಟರೆ ಅಮೃತಶಿಲೆ, ಪ್ರತಿಮೆ, ಪುಸ್ತಕ, ಬೆಳ್ಳಿ ಎಲ್ಲಾ ಉಡುಗೊರೆಯಾಗಿ ಬರುತ್ತೆ. ಕೊನೆಗೆ, ಬೆಂಕಿ ಅವನೇ ಹಚ್ಚಿಕೊಂಡನಾ ಅಂತ ಜನಕ್ಕೆ ಅನುಮಾನ! ಕಾಮರ್ಸ್ ಓದಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತೆ: ಒಂದೇ ಬೆಂಕಿ, ಒಬ್ಬನ ಲೆಕ್ಕದಲ್ಲಿ ನಷ್ಟ, ಇನ್ನೊಬ್ಬನ ಲೆಕ್ಕದಲ್ಲಿ ಲಾಭ.

ಇಲ್ಲಿವರೆಗೂ ನಾವು ಅವನ ಪರ. ಆದರೆ ಇದೇ ಬಾಯಿ ಗ್ರೀಕರನ್ನೂ ಸಿರಿಯಾದವರನ್ನೂ ಹಿಗ್ಗಾಮುಗ್ಗಾ ಬೈಯುತ್ತೆ. ರೋಮ್ ಕೆಟ್ಟಿದ್ದೇ ಹೊರಗಿನವರಿಂದ ಅಂತಾನೆ. ಈಗ ಪ್ರಶ್ನೆ: ಈ ಸಿಟ್ಟು ಕವಿಯದ್ದಾ, ಪಾತ್ರದ್ದಾ?

1954ರಲ್ಲಿ ಗಿಲ್ಬರ್ಟ್ ಹೈಯೆಟ್ ಬರೆದ ಪುಸ್ತಕ ಕವಿತೆಗಳಲ್ಲಿ ಜುವೆನಾಲ್‌ನ ಬದುಕನ್ನೇ ಹುಡುಕಿತು. 1964ರಲ್ಲಿ ವಿಲಿಯಂ ಆಂಡರ್ಸನ್ ಬೇರೆ ದಾರಿ ಹಿಡಿದರು: ಮಾತಾಡ್ತಿರೋದು ಕವಿ ಕಟ್ಟಿದ ಮುಖವಾಡ. ಸೆನೆಕಾನಂಥ ಚಿಂತಕರು ಕೋಪವನ್ನೇ ದೋಷ ಅಂದಿದ್ದ ರೋಮ್‌ನಲ್ಲಿ, ಇಷ್ಟು ಕೂಗಾಡುವವನನ್ನು ಓದುಗ ಪೂರ್ತಿ ನಂಬಬೇಕಿಲ್ಲ.

ನನಗೆ ಆಂಡರ್ಸನ್ ವಾದ ಸರಿ ಅನಿಸುತ್ತೆ. ಸಾಕ್ಷಿ ಕವಿತೆಯಲ್ಲೇ ಇದೆ. ಗ್ರೀಕರು ಶ್ರೀಮಂತರನ್ನು ಹೊಗಳಿ ಜಾಗ ಗಿಟ್ಟಿಸ್ತಾರೆ ಅಂತ ದೂರುವ ಉಂಬ್ರಿಕಿಯಸ್, ನಾವೂ ಹಾಗೇ ಹೊಗಳಬಹುದು, ಆದರೆ ಜನ ನಂಬೋದು ಅವರನ್ನೇ ಅಂತಾನೆ. ಅಂದ್ರೆ ಹೊಗಳುಭಟ್ಟತನ ತಪ್ಪು ಅನ್ನೋದಲ್ಲ ಅವನ ತಕರಾರು, ಅದರಲ್ಲಿ ತಾನು ಸೋತೆ ಅನ್ನೋದು. ಇನ್ನು ಬೀಳೋ ಮನೆಯ ಬಿರುಕಿಗೆ ಬರೀ ಮೇಲೆ ಮೆತ್ತಿ, ಒಳಗಿದ್ದವರಿಗೆ ನೆಮ್ಮದಿಯಾಗಿ ಮಲಗಿ ಅನ್ನೋನು ಗ್ರೀಕನಲ್ಲ, ಮಾಲೀಕನ ಕಡೆಯವನು.

ಹಾಗಂತ ಮುಖವಾಡ ಅಂದ ಕೂಡಲೇ ಸಂಕಟ ಸುಳ್ಳಾಗಲ್ಲ. ನೋವು ನಿಜ, ಬೆರಳು ತೋರಿಸಿದ ದಿಕ್ಕು ತಪ್ಪು. ಎರಡನ್ನೂ ಬೇರ್ಪಡಿಸೋ ಕೆಲಸ ಓದುವವರದ್ದು.

1738ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದೇ ಕವಿತೆಯನ್ನು ಲಂಡನ್‌ಗೆ ಒಗ್ಗಿಸಿ ಬರೆದ. ಗ್ರೀಕರ ಜಾಗಕ್ಕೆ ಫ್ರೆಂಚರು ಬಂದ್ರು. ಊರು ಬದಲಾದ್ರೂ ಬೈಯೋಕೆ ಹೊರಗಿನವರು ಸಿಕ್ಕೇ ಸಿಕ್ಕರು.