ರೆಕ್ಕೆಯಲ್ಲೊಂದು ಕಚ್ಚು

ಮಾಗಿದ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣವನ್ನು ನೋಡದವರಾರು? ಅದನ್ನು ಹಾಲಿನ ಸೀಸೆಗಳಲ್ಲಿ ಸಾಕಿ ಅನುವಂಶೀಯತೆಯ ಶಾಸ್ತ್ರಕ್ಕೆ ತಳಹದಿ ಹಾಕಿದವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಥಾಮಸ್ ಹಂಟ್ ಮಾರ್ಗನ್ನರೂ ಅವರ ಶಿಷ್ಯರೂ. 1910ರ ದಶಕದಲ್ಲಿ ಈ ಬಳಗದ ಕಣ್ಣಿಗೆ ರೆಕ್ಕೆಯಂಚು ಹರಿದಂತಿದ್ದ ಹೆಣ್ಣು ನೊಣಗಳು ಬಿದ್ದವು. ಆ ವಿಕೃತಿಗೆ 'ನಾಚ್' ಎಂದು ಹೆಸರಾಯಿತು. ಕುಣಿತವೆಂದು ತಿಳಿಯಬಾರದು, ನಮ್ಮ ಬಡಗಿಗಳ ಮಾತಿನಲ್ಲಿ ಅದು ಕಚ್ಚು.

ರೆಕ್ಕೆ ಹರಿದ ಹೆಣ್ಣುಗಳೇನೋ ಬದುಕಿದುವು. ಅವುಗಳ ಗಂಡುಮರಿಗಳಲ್ಲಿ ಮಾತ್ರ ಅರ್ಧದಷ್ಟು ಮೊಟ್ಟೆಯೊಳಗೇ ಸಾಯುತ್ತಿದ್ದುವು. ಹೆಣ್ಣಿಗೆ ಎಕ್ಸ್ ಎಂಬ ವರ್ಣತಂತು ಎರಡಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ, ಗಂಡಿಗಿರುವುದು ಒಂದೇ.

ಸತ್ತ ಮೊಟ್ಟೆಯಲ್ಲಿ ನೋಡುವುದೇನಿದೆ? ಡೊನಾಲ್ಡ್ ಪೌಲ್ಸನ್ ಎಂಬಾತ ನೋಡಿದರು. 1937ರಲ್ಲಿ ಅವರು ಪ್ರಕಟಿಸಿದ ಸಂಗತಿ ನನ್ನ ಮಟ್ಟಿಗೆ ಈ ಕಥೆಯ ಜೀವಾಳ. ನೊಣದ ಭ್ರೂಣದ ಹೊರಪದರದಲ್ಲಿ, ಹೊಟ್ಟೆಯ ಕಡೆ, ಕೆಲವು ಕೋಶಗಳು ಒಳಕ್ಕೆ ಸರಿದು ನರಕೋಶಗಳ ತಾಯಿಗಳಾಗುತ್ತವೆ, ಉಳಿದುವು ಚರ್ಮವಾಗುತ್ತವೆ. ಕಚ್ಚಿನ ಜೀನು ಇಲ್ಲದ ಭ್ರೂಣದಲ್ಲಿ ಚರ್ಮವಾಗಬೇಕಾದುವೂ ನರಮಂಡಲವನ್ನೇ ಸೇರಿದ್ದುವು. ಆ ಮರಿ ಸತ್ತದ್ದು ನರ ಸಾಲದೆ ಅಲ್ಲ, ನರ ಹೆಚ್ಚಾಗಿ, ಮೈಮುಚ್ಚುವ ಚರ್ಮವಿಲ್ಲದೆ!

ಅಂದರೆ ಚರ್ಮವನ್ನು ಉಳಿಸಿಕೊಡುವ, ರೆಕ್ಕೆಯಂಚನ್ನು ನೆಟ್ಟಗಿಡುವ ಜೀನಿಗೇ 'ಕಚ್ಚು' ಎಂದು ಹೆಸರು. ಕನ್ನಡ ಪಾಠ ಹೇಳುವ ನನಗೆ ಇದು ವಿಚಿತ್ರವೆನಿಸದು. ಊರು, ಅಲ್ಲಿ ಎರಡೂ ಸೇರಿ 'ಊರಲ್ಲಿ' ಆದಾಗ ಬಿಟ್ಟುಹೋದ ಸ್ವರದ ಮೇಲೆಯೇ ನಾವು ಲೋಪಸಂಧಿ ಎನ್ನುವುದಿಲ್ಲವೆ?

ಮುಂದೆ ಬಹುಕಾಲ ಈ ವಿಷಯ ಹೆಚ್ಚು ಬೆಳೆಯಲಿಲ್ಲ. 1983ರಲ್ಲಿ ಜರ್ಮನಿಯ ರೂತ್ ಲೇಮನ್, ಹೋಸೆ ಕಾಂಪೋಸ್-ಒರ್ಟೇಗ ಮೊದಲಾದವರು ಇದೇ ಬಗೆಯ ಬೇರೆ ಜೀನುಗಳನ್ನೂ ವಿವರಿಸಿದರು. ಅವುಗಳಲ್ಲೊಂದರ ಹೆಸರು 'ದೊಡ್ಡ ಮಿದುಳು'! 1985ರಲ್ಲಿ ಕ್ರಿಸ್ ಡೋ ಮತ್ತು ಕೋರಿ ಗುಡ್‌ಮನ್ ಮಿಡತೆಯ ಭ್ರೂಣದಲ್ಲಿ ತಾಯಿಕೋಶವೊಂದನ್ನು ಲೇಸರ್ ಕಿರಣದಿಂದ ಸುಟ್ಟರು. ಪಕ್ಕದ ಕೋಶ ಅದರ ಸ್ಥಾನಕ್ಕೆ ಬಂದಿತು. ಮೊದಲು ತಾಯಿಯಾದ ಕೋಶ ನೆರೆಯವರನ್ನು ತಡೆದಿರುತ್ತದೆ. ನೊಣದಲ್ಲಿ ಆ ತಡೆಯಾಜ್ಞೆಯನ್ನು ಸಾರುವುದು 'ಡೆಲ್ಟ' ಎಂಬ ಪ್ರೋಟೀನು; ಕೇಳಿಸಿಕೊಳ್ಳುವ ಕಿವಿ 'ನಾಚ್'. ಕಿವಿಯಿಲ್ಲದ ಕಡೆ ಎಲ್ಲವೂ ತಾಯಿಗಳೇ.

1991ರಲ್ಲಿ ಇದೇ ಜೀನಿನ ಮನುಷ್ಯರೂಪ ಬೆಳಕಿಗೆ ಬಂದಿತು. ಕೆಲವು ರೋಗಿಗಳ ರಕ್ತದ ಕ್ಯಾನ್ಸರಿನ ಕೋಶಗಳಲ್ಲಿ, ಮುರಿದ ವರ್ಣತಂತುವಿನ ತುಂಡಿನಲ್ಲಿ.