ನೀಲಿಹಲ್ಲಿನ ರಾಜ ಹಳೇ ಕಾರು ಹತ್ತಿದ ಕಥೆ



ಕಾರು ಹಳೆಯದು, ಆದರೆ ಗಟ್ಟಿಮುಟ್ಟಾಗಿ ಓಡುತ್ತಿದೆ. ಒಂದೇ ಕೊರತೆ: ಫೋನ್ ಬಂದರೆ ಕೈಯಲ್ಲಿ ಎತ್ತಬೇಕು, ಫೋನಿನಲ್ಲಿರುವ ಹಾಡು ಕಾರಿನ ಸ್ಪೀಕರಿನಲ್ಲಿ ಬರುವುದಿಲ್ಲ. ಇದಕ್ಕೊಂದು ಬ್ಲೂಟೂತ್ ಹಾಕಿಸಿಬಿಡೋಣ ಎಂದು ಹೊರಟವರಿಗೆ ಮನೆಯಲ್ಲೇ ಮೊದಲ ಆಕ್ಷೇಪಣೆ ಏಳುತ್ತದೆ: ‘ಇಷ್ಟು ಹಳೇ ಗಾಡಿಗೆ ಅದೆಲ್ಲ ಯಾಕ್ರೀ?’ ಇತಿಹಾಸ ನೋಡಿದರೆ ಈ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇದೆ. ಕಾರಿನೊಳಗೆ ಹಾಡು, ಮಾತು ಬಂದಿದ್ದೇ ಬಹುಮಟ್ಟಿಗೆ ಹೀಗೆ, ಕಾರು ಕೊಂಡಾದ ಮೇಲೆ ಯಾರೋ ಹೊರಗಿನವರು ತಂದು ಜೋಡಿಸಿದ್ದರಿಂದ.

ಅಮೆರಿಕದ ಷಿಕಾಗೋದಲ್ಲಿ ಪಾಲ್ ಗಾಲ್ವಿನ್, ಜೋಸೆಫ್ ಗಾಲ್ವಿನ್ ಎಂಬ ಅಣ್ಣತಮ್ಮಂದಿರು 1928ರಲ್ಲಿ ಒಂದು ಸಣ್ಣ ಕಂಪನಿ ತೆರೆದರು. ಬ್ಯಾಟರಿ ರೇಡಿಯೋಗಳನ್ನು ಮನೆಯ ಕರೆಂಟಿನಲ್ಲಿ ಓಡಿಸುವ ಉಪಕರಣ ಅವರ ಸರಕು. ನೇರ ಕರೆಂಟಿನಲ್ಲೇ ಓಡುವ ರೇಡಿಯೋಗಳು ಬಂದವು, ಉಪಕರಣಕ್ಕೆ ಗಿರಾಕಿ ಇಲ್ಲವಾಯಿತು. ಅದರ ಮೇಲೆ 1929ರ ಷೇರುಪೇಟೆ ಕುಸಿತ. ಹೊಟ್ಟೆಪಾಡಿಗೆ ಏನಾದರೂ ಬೇಕಲ್ಲ? ಕಾರಿಗೆ ರೇಡಿಯೋ ಕೂರಿಸುವ ಕೆಲಸಕ್ಕೆ ಇಳಿದರು. 1930ರ ಜೂನ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮ್ಮೇಳನವಿತ್ತು. ಪಾಲ್‌ಗೆ ಅಲ್ಲಿ ಮಳಿಗೆ ಇರಲಿಲ್ಲ. ತನ್ನ ಸ್ಟುಡಿಬೇಕರ್ ಕಾರಿನಲ್ಲಿ ರೇಡಿಯೋ ಕೂರಿಸಿ ಅಷ್ಟು ದೂರ ಓಡಿಸಿಕೊಂಡು ಹೋಗಿ, ಸಮ್ಮೇಳನದ ಹೊರಗೆ ನಿಲ್ಲಿಸಿ, ಜೋರಾಗಿ ಹಾಕಿದ! ಆರ್ಡರ್ ಬಂತು. ‘ಮೋಟಾರ್’ ಪದಕ್ಕೆ ಆಗಿನ ಗ್ರಾಮಫೋನ್ ಹೆಸರುಗಳ ‘ಓಲಾ’ ಬಾಲ ಅಂಟಿಸಿ ರೇಡಿಯೋಗೆ ‘ಮೋಟೊರೋಲಾ’ ಎಂದು ನಾಮಕರಣವಾಯಿತು.

ಆಗ ಅದನ್ನು ಹಾಕಿಸುವ ಪಾಡು ಕೇಳಿ. ರೇಡಿಯೋದ ಬೆಲೆ 110ರಿಂದ 130 ಡಾಲರ್. ಆ ವರ್ಷ ಒಂದು ಫೋರ್ಡ್ ಕಾರೇ ಸುಮಾರು 540 ಡಾಲರಿಗೆ ಸಿಗುತ್ತಿತ್ತು. ಡ್ಯಾಶ್‌ಬೋರ್ಡ್ ಬಿಚ್ಚಬೇಕು, ರೇಡಿಯೋದ ಬ್ಯಾಟರಿಗೆ ಕಾರಿನ ತಳ ಕೊರೆಯಬೇಕು, ಏರಿಯಲ್ ತಂತಿ ಹಾಯಿಸಲು ಚಾವಣಿಯ ಬಟ್ಟೆ ಹರಿಯಬೇಕು. ಇಷ್ಟೆಲ್ಲ ಆಗಿ ಕೂತು ಗುಂಡಿ ತಿರುಗಿಸಿದರೆ ಹಾಡಿನ ಜೊತೆಗೆ ಇಂಜಿನಿನ ಕಿಡಿಗಳ ಚಟಪಟ ಸದ್ದು. ಅದನ್ನು ಅಡಗಿಸುವುದೇ ಆ ಕಾಲದ ದೊಡ್ಡ ತಲೆನೋವು. ಈ ಸದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಜರ್ಮನಿಯ ಬ್ಲೌಪುಂಕ್ಟ್ 1932ರಲ್ಲಿ ತಂದ ಕಾರ್ ರೇಡಿಯೋ ಎಷ್ಟು ದಪ್ಪವಿತ್ತೆಂದರೆ ಚಾಲಕನ ಕೈಗೆ ಎಟುಕುವ ಕಡೆ ಕೂರುತ್ತಲೇ ಇರಲಿಲ್ಲ. ಹಾಗಾಗಿ ಸ್ಟೇಷನ್ ಬದಲಿಸುವ ಗುಂಡಿಯನ್ನು ಸ್ಟೀರಿಂಗ್ ಹತ್ತಿರ ಬೇರೆಯಾಗಿ ಇಟ್ಟರು. ಸ್ಟೀರಿಂಗ್ ಮೇಲಿನ ಬಟನ್ ಈಚಿನ ಐಷಾರಾಮ ಎಂದುಕೊಂಡವರಿಗೆ ಈ ಮಾತು. ಕಾರಿನಿಂದ ಫೋನ್ ಮಾಡುವುದೂ ಅಷ್ಟೇ ಹಳೆಯ ಆಸೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1946ರ ಜೂನ್ 17ರಂದು ಕಾರ್ ಫೋನ್ ಸೇವೆ ಶುರುವಾಯಿತು. ಉಪಕರಣದ ತೂಕ ಸುಮಾರು 36 ಕೆ.ಜಿ.

ನಮ್ಮ ದೇಶಕ್ಕೆ ಬಂದರೆ ಕಥೆ ನಿಧಾನ. ರೇಡಿಯೋ ಇಟ್ಟುಕೊಳ್ಳಲು 1980ರ ದಶಕದವರೆಗೂ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಹಣ ಕಟ್ಟಬೇಕು. ಅಂಬಾಸಿಡರ್, ಪದ್ಮಿನಿಗಳಲ್ಲಿ ಸೆಟ್ ಕೂರಿಸುವುದು ಅಂಗಡಿಯವರ ಕೆಲಸವಾಗಿತ್ತು. ಬೆಂಗಳೂರಿಗೆ ಜೆ.ಸಿ. ರಸ್ತೆ, ದೆಹಲಿಗೆ ಕರೋಲ್ ಬಾಗ್, ಚೆನ್ನೈಗೆ ಜಿ.ಪಿ. ರೋಡ್. ಊರು ಬಿಟ್ಟು ಬಂದ ಕನ್ನಡಿಗನಿಗೆ ಕಾರಿನಲ್ಲಿ ಕನ್ನಡ ಸಿಕ್ಕಿದ್ದು ಮುಖ್ಯವಾಗಿ ಕ್ಯಾಸೆಟ್ಟಿನಿಂದ. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ನೀಡಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ಪುಣೆಯ ರಸ್ತೆಯಲ್ಲಿದ್ದರೂ ಗಾಜು ಏರಿಸಿಕೊಂಡರೆ ಒಳಗೆ ಕರ್ನಾಟಕ. ಯಾವ ಸ್ಟೇಷನ್ನೂ ಕೊಡದಿದ್ದುದನ್ನು ಆ ಸುರುಳಿ ಕೊಟ್ಟಿತು, ಇದನ್ನು ರೇಡಿಯೋದವನಾಗಿ ನಾನೇ ಒಪ್ಪಬೇಕು.

ಇಷ್ಟರಲ್ಲಿ ಡ್ಯಾಶ್‌ಬೋರ್ಡಿನ ಆ ಕಿಂಡಿಗೂ ಒಂದು ಅಳತೆ ಬಂತು. 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಜರ್ಮನಿಯಲ್ಲಿ ಹುಟ್ಟಿದ ಈ ಅಳತೆ 1984ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಅಂಗಡಿಯವರು ‘ಸಿಂಗಲ್ ಡಿನ್’ ಎನ್ನುವುದು ಇದನ್ನೇ. ನಿಮ್ಮ ಹಳೇ ಮಾರುತಿಗೆ ಇವತ್ತಿನ ಬ್ಲೂಟೂತ್ ಸೆಟ್ ಸಲೀಸಾಗಿ ಕೂರುತ್ತದೆಂದರೆ ಪುಣ್ಯ ಈ ಅಳತೆಯದು.

ಇನ್ನು ಹೆಸರಿನ ರಾಜ. ಹೆರಾಲ್ಡ್ ಬ್ಲೂಟೂತ್, ಅಂದರೆ ನೀಲಿಹಲ್ಲಿನ ಹೆರಾಲ್ಡ್, ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ. ಬೇರೆಬೇರೆ ಸೀಮೆಗಳನ್ನು ಒಂದುಗೂಡಿಸಿದವನೆಂದು ಪ್ರಸಿದ್ಧ. ಫೋನು, ಕಂಪ್ಯೂಟರುಗಳನ್ನು ತಂತಿಯಿಲ್ಲದೆ ಒಂದುಗೂಡಿಸುವ ತಂತ್ರಕ್ಕೆ ಆ ಹೆಸರು ಸೂಚಿಸಿದವರು ಇಂಟೆಲ್ ಕಂಪನಿಯ ಜಿಮ್ ಕಾರ್ಡಾಕ್. ಎರಿಕ್ಸನ್, ನೋಕಿಯಾ, ಐಬಿಎಂ, ತೋಷಿಬಾ, ಇಂಟೆಲ್ ಸೇರಿ 1998ರಲ್ಲಿ ಕೂಟ ಕಟ್ಟಿದವು. ತಾತ್ಕಾಲಿಕ ಎಂದುಕೊಂಡಿದ್ದ ಹೆಸರೇ ನಿಂತುಬಿಟ್ಟಿತು. ಸದ್ದುಗದ್ದಲದ ನಡುವೆ ಕೆಲಸ ಮಾಡಲು ಈ ತರಂಗ 79 ಕಾಲುವೆಗಳ ನಡುವೆ ಸೆಕೆಂಡಿಗೆ 1,600 ಬಾರಿ ಜಿಗಿಯುತ್ತದೆ. ಹೀಗೆ ಜಿಗಿಯುವ ಒಂದು ವಿಧಾನಕ್ಕೆ ಹಾಲಿವುಡ್ ತಾರೆ ಹೆಡಿ ಲಮಾರ್ 1942ರಲ್ಲೇ ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆ ಪೇಟೆಂಟ್ ಪಡೆದಿದ್ದಳು. ಬ್ಲೂಟೂತನ್ನೇ ಆಕೆ ಕಂಡುಹಿಡಿದಳು ಎಂಬುದು ಮಾತ್ರ ಉತ್ಪ್ರೇಕ್ಷೆ.

ಒಂದು ವಿಷಯ ಅಂಗಡಿಗೆ ಹೋಗುವ ಮುನ್ನ ತಿಳಿದಿರಲಿ. ಬ್ಲೂಟೂತಿನಲ್ಲಿ ಕರೆಗೊಂದು ನಿಯಮಾವಳಿ, ಹಾಡಿಗೆ ಇನ್ನೊಂದು. ಹಾಡಿನದು ಸಿದ್ಧವಾದದ್ದು 2003ರ ಹೊತ್ತಿಗೆ. ಹಾಗಾಗಿ ಆರಂಭದ ಕಾರ್ ಕಿಟ್‌ಗಳು ಮಾತನಾಡಿಸುತ್ತಿದ್ದವು, ಹಾಡುತ್ತಿರಲಿಲ್ಲ. ಅಗ್ಗಕ್ಕೆ ಸಿಕ್ಕ ಹಳೇ ಕಿಟ್ ಕೊಳ್ಳುವವರು ಎರಡೂ ಉಂಟೇ ಎಂದು ಕೇಳಿಯೇ ಕೊಳ್ಳಬೇಕು.

ಹೊಸ ಸೆಟ್ ಬೇಡ, ಹಳೆಯದೇ ಇರಲಿ ಎನ್ನುವವರಿಗೆ ಮೂರು ದಾರಿಗಳಿವೆ. ಆಕ್ಸ್ ತೂತು ಇದ್ದರೆ ಅಲ್ಲಿಗೊಂದು ಸಣ್ಣ ರಿಸೀವರ್. ಕ್ಯಾಸೆಟ್ ಪ್ಲೇಯರ್ ಇದ್ದರೆ ಕ್ಯಾಸೆಟ್ ಅಡಾಪ್ಟರ್. 1980ರ ದಶಕದಲ್ಲಿ ಸಿ.ಡಿ. ಪ್ಲೇಯರನ್ನು ಕಾರಿಗೆ ಜೋಡಿಸಲು ಹುಟ್ಟಿದ ಉಪಾಯವಿದು. ಸುರುಳಿಯ ಜಾಗದಲ್ಲಿ ಪುಟ್ಟ ವಿದ್ಯುತ್ಕಾಂತವಿದ್ದು, ಪ್ಲೇಯರಿನ ಹೆಡ್ಡಿಗೆ ಇದೂ ಟೇಪೇ ಎಂದು ನಂಬಿಸುತ್ತದೆ! ಮೂರನೆಯದು ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಎಫ್.ಎಂ. ಟ್ರಾನ್ಸ್‌ಮಿಟರ್. ಆಕ್ಸ್‌ಗೆ ಜೋಡಿಸಿದ ರಿಸೀವರಿಗೂ ಅದೇ ತೂತಿನಿಂದ ವಿದ್ಯುತ್ ಕೊಟ್ಟರೆ, ಆಕ್ಸಿಲರೇಟರ್ ಒತ್ತಿದಂತೆಲ್ಲ ‘ಕುಂಯ್’ ಎಂಬ ಸದ್ದು ಏರುವುದುಂಟು. ಗಾಲ್ವಿನ್‌ಗೆ ಕಾಟ ಕೊಟ್ಟ ಚಟಪಟದ ಮೊಮ್ಮಗು ಇದು. ‘ಗ್ರೌಂಡ್ ಲೂಪ್ ಐಸೋಲೇಟರ್’ ಎಂಬ ಸಣ್ಣ ಡಬ್ಬಿ ನಡುವೆ ಹಾಕಿದರೆ ಸಾಮಾನ್ಯವಾಗಿ ತಣ್ಣಗಾಗುತ್ತದೆ.

ಎಫ್.ಎಂ. ಟ್ರಾನ್ಸ್‌ಮಿಟರ್ ಬಗ್ಗೆ ನನ್ನದೊಂದು ತಕರಾರಿದೆ. ಅದು ನಿಮ್ಮ ಕಾರಿನೊಳಗೇ ಒಂದು ಚೋಟುದ್ದದ ರೇಡಿಯೋ ಸ್ಟೇಷನ್. 88ರಿಂದ 108ರ ನಡುವೆ ಖಾಲಿ ಜಾಗ ಹುಡುಕಿ ಅಲ್ಲಿ ಕೂರಬೇಕು. ಮಹಾನಗರಗಳಲ್ಲಿ ಖಾಲಿ ಜಾಗ ಎಲ್ಲಿದೆ ಸ್ವಾಮಿ? ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರ ಹಾಡು ನಿಮ್ಮಲ್ಲಿ ನುಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಾಡು ಕೇಳುವಷ್ಟು ಹೊತ್ತು ಟ್ಯೂನರ್ ಅದಕ್ಕೇ ಮೀಸಲು; ನಮ್ಮ ಕನ್ನಡದ ಹೊತ್ತು ಬಂದು ಹೋದದ್ದೂ ತಿಳಿಯುವುದಿಲ್ಲ. ಬ್ಲೂಟೂತ್ ಮೇಲೆ ನನಗೆ ಮುನಿಸಿಲ್ಲ. ಈ ಊರಿನ ಗಾಳಿಯಲ್ಲಿ ಕನ್ನಡ ಸ್ವಲ್ಪ ಹೊತ್ತು ಮಾತ್ರ; ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್ ಹಾಕಿಕೊಂಡರೆ ಉಳಿದ ಹೊತ್ತು ಊರಿನ ಆಕಾಶವಾಣಿ ಫೋನಿನಿಂದ ಕಾರಿಗೆ ಇಳಿಯುತ್ತದೆ.

ಕರೆಯ ವಿಷಯದಲ್ಲಿ ಮಾತ್ರ ಎಚ್ಚರ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಾದ ತಿದ್ದುಪಡಿ, ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಗೆ ಸೇರಿಸಿತು. ಬ್ಲೂಟೂತ್ ಕೈಯನ್ನು ಬಿಡಿಸುತ್ತದೆ ನಿಜ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೈಯಲ್ಲಿ ಹಿಡಿದವರೂ ಹಿಡಿಯದವರೂ ಸಿಗ್ನಲ್ ತಪ್ಪಿಸುವುದರಲ್ಲಿ ಒಂದೇ ಆಗಿದ್ದರು. ರೇಡಿಯೋ ಕೇಳುತ್ತಿದ್ದವರಿಗೆ ಆ ತೊಂದರೆ ಕಾಣಲಿಲ್ಲ. ಇದು ನಮ್ಮ ಜಾಹೀರಾತಲ್ಲ! ಕರೆ ಬಂದರೆ ‘ತಲುಪಿ ಮಾಡ್ತೀನಿ’ ಎಂದು ಇಡಿ.

ಕೊನೆಗೊಂದು ಕೋರಿಕೆ. ಹೊಸ ಸೆಟ್ ಕೂರಿಸಿದ ಮೇಲೆ, ಹಿಂಬದಿಯ ಏರಿಯಲ್ ಪ್ಲಗ್ ಸಿಕ್ಕಿಸಿದ್ದಾರೆಯೇ ಎಂದು ಅಂಗಡಿಯಲ್ಲೇ ಎಫ್.ಎಂ. ಹಾಕಿ ನೋಡಿ. ಬ್ಲೂಟೂತ್ ಹಾಡಿದ ಖುಷಿಯಲ್ಲಿ ಅದನ್ನು ಪರೀಕ್ಷಿಸುವುದು ಮರೆತುಹೋಗುತ್ತದೆ.