ಲ್ಯಾಪ್‌ಟಾಪಿನ ಬೆರಳಗುರುತು: ತೆರೆಯುವುದೇನು, ತೆರೆಯದಿರುವುದೇನು

ಅಕ್ಷರ ಬಾರದವರನ್ನು ‘ಹೆಬ್ಬೆಟ್ಟಿನವರು’ ಎಂದು ಕರೆಯುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಸಹಿ ಮಾಡಲಾಗದವರ ಗುರುತಾಗಿದ್ದ ಬೆರಳು ಈಗ ವಿದ್ಯಾರ್ಥಿಯ ಲ್ಯಾಪ್‌ಟಾಪಿಗೆ ಕೀಲಿಕೈಯಾಗಿದೆ. ಕೀಲಿಮಣೆಯ ಅಂಚಿನಲ್ಲೋ ಪವರ್ ಗುಂಡಿಯ ಮೇಲೋ ಇರುವ ಸಣ್ಣ ಫಲಕಕ್ಕೆ ಬೆರಳು ತಾಗಿಸಿದೊಡನೆ ಯಂತ್ರ ತೆರೆದುಕೊಳ್ಳುತ್ತದೆ. (‘ಬೆರಳಚ್ಚು’ ಎಂಬ ಪದ ಟೈಪಿಂಗಿಗೂ ಸಲ್ಲುವುದರಿಂದ ಇಲ್ಲಿ ‘ಬೆರಳಗುರುತು’ ಎಂದೇ ಬಳಸಿದೆ.) ಈ ಸೌಲಭ್ಯವನ್ನು ಕುರಿತು ಮನೆಗಳಲ್ಲಿ ಎರಡು ಬಗೆಯ ತಪ್ಪು ಎಣಿಕೆಗಳಿವೆ. ಮಗುವಿನ ಬೆರಳಗುರುತು ಅಂತರಜಾಲಕ್ಕೆ ಹೋಗಿಬಿಡುತ್ತದೆ ಎಂಬ ಭಯ ಒಂದು. ಬೆರಳು ನೋಂದಾಯಿಸಿದ ಮೇಲೆ ಪಾಸ್‌ವರ್ಡಿನ ಹಂಗಿಲ್ಲ ಎಂಬ ನಿಶ್ಚಿಂತೆ ಇನ್ನೊಂದು. ಇವೆರಡರಲ್ಲಿ ಹೆಚ್ಚು ತೊಂದರೆ ಕೊಡುವುದು ನಿಶ್ಚಿಂತೆಯೇ.

ಭಯಕ್ಕೆ ಕಾರಣ ಊಹಿಸಬಹುದು. ಪಡಿತರ ಅಂಗಡಿಯಲ್ಲಿ ಆಧಾರ್ ಯಂತ್ರದ ಮೇಲೆ ಬೆರಳಿಟ್ಟಾಗ ಆ ಗುರುತು ಗೂಢಲಿಪಿಯ ರೂಪದಲ್ಲಿ ಪ್ರಾಧಿಕಾರದ ಕೇಂದ್ರ ಭಂಡಾರಕ್ಕೆ ಹೋಗುತ್ತದೆ. ಹೋಲಿಕೆ ನಡೆಯುವುದು ಅಲ್ಲಿ. ಲ್ಯಾಪ್‌ಟಾಪಿನಲ್ಲಿ ಹಾಗಲ್ಲ. ಫಲಕದೊಳಗೆ ಅತಿ ಸೂಕ್ಷ್ಮವಾದ ವಿದ್ಯುತ್ ಧಾರಕಗಳ ಸಾಲುಗಳಿವೆ. ಚರ್ಮದ ಉಬ್ಬುಗೆರೆ ಫಲಕಕ್ಕೆ ತಾಗುತ್ತದೆ, ನಡುವಿನ ತಗ್ಗು ತುಸು ದೂರ ಉಳಿಯುತ್ತದೆ. ಈ ಅಂತರದಿಂದ ವಿದ್ಯುದಾವೇಶದಲ್ಲಿ ಆಗುವ ವ್ಯತ್ಯಾಸವನ್ನು ಅಳೆದು ಯಂತ್ರ ಗೆರೆಗಳ ನಕ್ಷೆ ರಚಿಸಿಕೊಳ್ಳುತ್ತದೆ. ಉಳಿಸಿಕೊಳ್ಳುವುದು ಬೆರಳಿನ ಚಿತ್ರವನ್ನಲ್ಲ, ಗೆರೆಗಳ ವಿನ್ಯಾಸದಿಂದ ಗಣಿಸಿ ತೆಗೆದ ದತ್ತಾಂಶವನ್ನು. ಅದು ಅದೇ ಯಂತ್ರದಲ್ಲಿ ಗೂಢಲಿಪಿಯಾಗಿ ಉಳಿಯುತ್ತದೆ, ಹೋಲಿಕೆಯೂ ಅಲ್ಲಿಯೇ ಮುಗಿಯುತ್ತದೆ. ನೀವು ಪ್ರವೇಶಿಸುವ ಯಾವ ಜಾಲತಾಣಕ್ಕೂ ಬೆರಳಗುರುತು ತಲುಪುವುದಿಲ್ಲ.

ಹಾಗಾದರೆ ಬೆರಳು ತಾಗಿಸಿದೊಡನೆ ಇಮೇಲ್ ಖಾತೆ ತೆರೆಯುವುದು ಹೇಗೆ? ಇಲ್ಲಿ ಮೂರು ಬೇರೆ ಬೇರೆ ಕೆಲಸಗಳು ಒಂದೇ ಬೆರಳಿನ ಕೆಳಗೆ ನಡೆಯುತ್ತವೆ. ಮೊದಲನೆಯದು, ಲ್ಯಾಪ್‌ಟಾಪಿನ ಬೀಗ ತೆರೆಯುವುದು. ಎರಡನೆಯದು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡನ್ನು ತುಂಬಲು ಒಪ್ಪಿಗೆ ಕೊಡುವುದು. ಆಗ ಜಾಲತಾಣಕ್ಕೆ ಹೋಗುವುದು ಹಳೆಯ ಪಾಸ್‌ವರ್ಡೇ. ಅದನ್ನು ಕದ್ದವನಿಗೆ ಇನ್ನೊಂದು ಯಂತ್ರದಿಂದ ನಿಮ್ಮ ಖಾತೆ ಪ್ರವೇಶಿಸಲು ನಿಮ್ಮ ಬೆರಳು ಬೇಕಾಗಿಲ್ಲ.

ಮೂರನೆಯದು ಪಾಸ್‌ಕೀ. ಇದೊಂದೇ ನಿಜವಾದ ಅರ್ಥದಲ್ಲಿ ಹೊಸದು. ಖಾತೆಗೆ ಪಾಸ್‌ಕೀ ರಚಿಸಿದಾಗ ಜೋಡಿ ಕೀಲಿಗಳು ಹುಟ್ಟುತ್ತವೆ: ಒಂದು ಬಹಿರಂಗ ಕೀಲಿ, ಜಾಲತಾಣಕ್ಕೆ ಹೋಗುತ್ತದೆ; ಇನ್ನೊಂದು ರಹಸ್ಯ ಕೀಲಿ, ಬಳಕೆದಾರರ ಬಳಿಯೇ ಉಳಿಯುತ್ತದೆ. ಪ್ರವೇಶದ ಹೊತ್ತಿನಲ್ಲಿ ಜಾಲತಾಣ ಪ್ರತಿ ಸಲವೂ ಹೊಸದಾದೊಂದು ಸಂಖ್ಯೆ ಕಳುಹಿಸುತ್ತದೆ. ನೀವು ಬೆರಳಿಟ್ಟ ಮೇಲೆ ಲ್ಯಾಪ್‌ಟಾಪು ರಹಸ್ಯ ಕೀಲಿಯಿಂದ ಅದಕ್ಕೆ ಸಹಿ ಹಾಕಿ ಮರಳಿಸುತ್ತದೆ. ಹೆಬ್ಬೆಟ್ಟು ಕೊನೆಗೂ ಸಹಿ ಹಾಕುವುದನ್ನು ಕಲಿತಿತೆನ್ನಬಹುದು. ಈ ಕೀಲಿ ಆಯಾ ಜಾಲತಾಣದ ವಿಳಾಸಕ್ಕೇ ಬದ್ಧವಾಗಿರುವುದರಿಂದ, ವಿದ್ಯಾರ್ಥಿವೇತನದ ಹೆಸರಿನಲ್ಲಿ ಬರುವ ನಕಲಿ ಪುಟ ಎಷ್ಟೇ ಅಸಲಿಯಂತೆ ಕಂಡರೂ ಅಲ್ಲಿ ಅದು ಕೆಲಸ ಮಾಡದು. ಇದರ ತಳಹದಿಯಾದ ವೆಬ್‌ಆಥನ್ ಎಂಬ ಮಾನಕಕ್ಕೆ 2019ರಲ್ಲಿ ಅಂತಿಮ ರೂಪ ದೊರಕಿತು. ಗೂಗಲ್ ತನ್ನ ಖಾತೆಗಳಿಗೆ ಪಾಸ್‌ಕೀಯನ್ನು 2023ರಲ್ಲಿ ತೆರೆದಿಟ್ಟಿತು. ಎಲ್ಲ ಜಾಲತಾಣಗಳೂ ಇದನ್ನು ಒಪ್ಪುವುದಿಲ್ಲ. ಪಾಸ್‌ವರ್ಡ್ ಅಥವಾ ಒಟಿಪಿ ಕೇಳುವ ಕಡೆ ಅದನ್ನೇ ಕೊಡಬೇಕು.

ನೋಂದಣಿ ಸುಲಭ. ವಿಂಡೋಸಿನಲ್ಲಿ ಸೆಟ್ಟಿಂಗ್ಸ್ ತೆರೆದು, ಅಕೌಂಟ್ಸ್ ವಿಭಾಗದ ಸೈನ್-ಇನ್ ಆಪ್ಷನ್ಸ್ ಪುಟಕ್ಕೆ ಹೋದರೆ ಫಿಂಗರ್‌ಪ್ರಿಂಟ್ ಆಯ್ಕೆ ಕಾಣುತ್ತದೆ. 2015ರಲ್ಲಿ ವಿಂಡೋಸ್ 10ರೊಡನೆ ಬಂದ ಈ ವ್ಯವಸ್ಥೆಗೆ ‘ವಿಂಡೋಸ್ ಹಲೋ’ ಎಂದು ಹೆಸರು. ಬೆರಳಿಗೆ ಮುನ್ನ ಪಿನ್ ಇರಲೇಬೇಕು ಎಂಬುದು ಅದರ ನಿಯಮ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆ. ಮನೆಯಲ್ಲಿಯೂ ಉಬುಂಟು ಇದ್ದರೆ ಸೆಟ್ಟಿಂಗ್ಸ್‌ನ ಯೂಸರ್ಸ್ ಪುಟದಲ್ಲಿ ಬೆರಳು ನೋಂದಾಯಿಸಬಹುದು. ಫಲಕಕ್ಕೆ ಲಿನಕ್ಸ್ ಚಾಲಕ ತಂತ್ರಾಂಶ ಇಲ್ಲವಾದರೆ ಆ ಆಯ್ಕೆಯೇ ಕಾಣಿಸದು. ಕಾಣಿಸಿದರೂ, ಬೆರಳಿನಿಂದ ಒಳಹೊಕ್ಕ ಮೇಲೆ ಉಳಿಸಿಟ್ಟ ಪಾಸ್‌ವರ್ಡುಗಳ ಪೆಟ್ಟಿಗೆ ತೆರೆಯಲು ಮತ್ತೊಮ್ಮೆ ಪಾಸ್‌ವರ್ಡ್ ಕೇಳುವುದುಂಟು, ಅದು ದೋಷವಲ್ಲ.

ಪಿನ್ ಏಕೆ ಬೇಕು ಎಂಬುದು ಬೆರಳು ಕೈಕೊಟ್ಟ ದಿನ ತಿಳಿಯುತ್ತದೆ. ಒದ್ದೆ ಕೈ, ಎಣ್ಣೆ, ಮದರಂಗಿ, ಕುಯ್ದ ಗಾಯ ಇವು ಚಿಕ್ಕ ಅಡ್ಡಿಗಳು. ಗೇರುಬೀಜದ ಸೊನೆ ತಾಗಿ ಚರ್ಮ ಸುಲಿದವರು, ವರ್ಷಗಟ್ಟಲೆ ಬೀಡಿ ಕಟ್ಟಿದವರು, ಕಲ್ಲು ಹೊತ್ತವರು ಇವರ ಗೆರೆಗಳು ಸವೆದೇ ಹೋಗಿರುತ್ತವೆ. ಬೆಳೆಯುವ ಮಕ್ಕಳ ಬೆರಳೂ ಬದಲಾಗುತ್ತದೆ. ಆಧಾರ್‌ನಲ್ಲಿ 5 ಮತ್ತು 15 ವರ್ಷ ತುಂಬಿದಾಗ ಗುರುತುಗಳನ್ನು ಹೊಸದಾಗಿ ಕೊಡಬೇಕೆಂಬ ನಿಯಮ ಇರುವುದು ಇದರಿಂದಲೇ. ಎರಡೂ ಕೈಗಳ ಒಂದೊಂದು ಬೆರಳನ್ನಾದರೂ ನೋಂದಾಯಿಸುವುದು ಲೇಸು. ಮ್ಯಾಕ್ ಯಂತ್ರವಂತೂ ಪ್ರತಿ ಬಾರಿ ಮರಳಿ ಚಾಲೂ ಮಾಡಿದಾಗ, ಮತ್ತು ಐದು ಸಲ ಬೆರಳು ಹೊಂದದಿದ್ದಾಗ, ಪಾಸ್‌ವರ್ಡನ್ನೇ ಕೇಳುತ್ತದೆ. ತಿಂಗಳುಗಟ್ಟಲೆ ಬೆರಳನ್ನೇ ಬಳಸಿ ಪಿನ್ ಮರೆತ ಮನೆಯಲ್ಲಿ ಅರ್ಜಿಯ ಕೊನೆಯ ದಿನವೇ ಲ್ಯಾಪ್‌ಟಾಪು ಬೀಗ ಬಿದ್ದು ಕೂರಬಹುದು. ಪಿನ್ ಬರೆದಿಡುವುದಾದರೆ ಮನೆಯ ಕಾಗದಪತ್ರಗಳ ಜೊತೆ ಇಡಿ. ಯಂತ್ರದ ಅಡಿಗೆ ಅಂಟಿಸುವುದಕ್ಕಿಂತ ಬೀಗ ಹಾಕದಿರುವುದೇ ಮೇಲು.

ಮನೆಗೊಂದೇ ಲ್ಯಾಪ್‌ಟಾಪು ಇರುವಲ್ಲಿ ಇನ್ನೊಂದು ಎಚ್ಚರ ಬೇಕು. ವಿಂಡೋಸ್ ಒಂದು ಬಳಕೆದಾರ ಖಾತೆಗೆ ಹತ್ತು ಬೆರಳುಗಳವರೆಗೆ ಒಪ್ಪುತ್ತದೆ. ಅವು ಯಾರ ಬೆರಳುಗಳೆಂದು ಅದು ವಿಚಾರಿಸುವುದಿಲ್ಲ. ತಂದೆಯ ಖಾತೆಯಲ್ಲಿ ಅಕ್ಕ, ತಮ್ಮ, ನೆರೆಮನೆಯ ಹುಡುಗ ಎಲ್ಲರ ಬೆರಳೂ ಸೇರಿದ್ದರೆ, ಯಾರು ಕೈಯಿಟ್ಟರೂ ತಂದೆಯ ಇಮೇಲ್, ಉಳಿಸಿಟ್ಟ ಪಾಸ್‌ವರ್ಡ್, ಪಾಸ್‌ಕೀ ಎಲ್ಲವೂ ತೆರೆಯುತ್ತವೆ. ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಖಾತೆ ಮಾಡಿ, ಅವರವರ ಬೆರಳನ್ನು ಅವರವರ ಖಾತೆಗೇ ಕೊಡುವುದು ಹತ್ತು ನಿಮಿಷದ ಕೆಲಸ.

ಬೆರಳಿಗೆ ಮೋಸವಿಲ್ಲವೆಂದಲ್ಲ. ಜಪಾನಿನ ಸಂಶೋಧಕ ತ್ಸುತೊಮು ಮತ್ಸುಮೊಟೊ ಮತ್ತು ಸಂಗಡಿಗರು 2002ರಲ್ಲಿಯೇ ಜೆಲಟಿನ್‌ನಿಂದ ಮಾಡಿದ ನಕಲಿ ಬೆರಳುಗಳಿಂದ ಆಗಿನ ಫಲಕಗಳನ್ನು ವಂಚಿಸಿ ತೋರಿಸಿದ್ದರು. 2023ರಲ್ಲಿ ಮೈಕ್ರೋಸಾಫ್ಟ್ ಕೋರಿಕೆಯ ಮೇಲೆಯೇ ನಡೆದ ಪರೀಕ್ಷೆಯಲ್ಲಿ ತಜ್ಞರು ಮೂರು ಲ್ಯಾಪ್‌ಟಾಪುಗಳ ಬೆರಳ ಬೀಗವನ್ನು ದಾಟಿದರು. ಆದರೆ ಅದಕ್ಕೆ ಯಂತ್ರ ಅವರ ಕೈಯಲ್ಲಿಯೇ ಇರಬೇಕಿತ್ತು. ದೂರದಲ್ಲಿ ಕುಳಿತ ವಂಚಕನಿಗೆ ಈ ದಾರಿ ಒದಗದು. ಅವನು ಹುಡುಕುವುದು ಪಾಸ್‌ವರ್ಡನ್ನು, ಒಟಿಪಿಯನ್ನು. ಯಂತ್ರವೇ ಕಳವಾದರೆ ಇನ್ನೊಂದು ಸಾಧನದಿಂದ ಖಾತೆಯೊಳಗೆ ಹೋಗಿ, ಕಳೆದುಹೋದ ಲ್ಯಾಪ್‌ಟಾಪನ್ನು ಅಲ್ಲಿಂದ ತೆಗೆದುಹಾಕಿ, ಅದರ ಪಾಸ್‌ಕೀಯನ್ನು ಅಳಿಸಬೇಕು. ಒಂದೇ ಯಂತ್ರದಲ್ಲಿ ಮಾತ್ರ ಇರುವ ಪಾಸ್‌ಕೀ ಯಂತ್ರದೊಡನೆಯೇ ಹೋಗುವುದರಿಂದ, ಖಾತೆಗೆ ಎರಡನೆಯ ದಾರಿಯೊಂದನ್ನು, ಫೋನಿನಲ್ಲಿ ಇನ್ನೊಂದು ಪಾಸ್‌ಕೀ ಅಥವಾ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆಯನ್ನು, ಮೊದಲೇ ಸೇರಿಸಿಟ್ಟಿರಬೇಕು.

ಹಳೆಯ ಲ್ಯಾಪ್‌ಟಾಪನ್ನು ತಂಗಿಗೆ ವಹಿಸುವಾಗ ಅಥವಾ ಮಾರುವಾಗ ಕಡತಗಳನ್ನು ಮಾತ್ರ ಅಳಿಸಿದರೆ ಸಾಲದು. ಅದೇ ಸೈನ್-ಇನ್ ಆಪ್ಷನ್ಸ್ ಪುಟದಲ್ಲಿ ನೋಂದಾಯಿತ ಬೆರಳುಗಳನ್ನು ತೆಗೆದುಹಾಕಿ, ಬಳಿಕ ಇಡೀ ಯಂತ್ರವನ್ನು ರೀಸೆಟ್ ಮಾಡಿ ಕೈಬದಲಿಸಬೇಕು.